ಚೋಮನ ಮನೆಯ ಸಾಲ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಎಂದರೆ ಭೂಮಿಯ ಕತೆ, ಅಸ್ಪೃಶ್ಯತೆಯ ಕತೆ. ತರಗತಿಗಳಲ್ಲಿ ಹಾಗೇ ಓದಿಸುತ್ತಾರೆ, ಅದು ತಪ್ಪೂ ಅಲ್ಲ. ಆದರೆ 2025ರ ಫೆಬ್ರವರಿಯಲ್ಲಿ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲೆಂದು ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದ ದಿನಗಳಲ್ಲಿ, ಈ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡ ನನಗೆ ಉದ್ದಕ್ಕೂ ಕಂಡದ್ದು ಸಾಲ. ಚೋಮನ ಬೇಸಾಯದ ಆಸೆ ನಿಂತಲ್ಲೇ ನಿಂತಿರುತ್ತದೆ. ಮನೆಯಿಂದ ಒಬ್ಬೊಬ್ಬರನ್ನೇ ಎಳೆದುಕೊಂಡು ಹೋಗಿ ಕತೆ ನಡೆಸುವುದು ಕಾಫಿ ತೋಟದ ಬಾಕಿ.

ಚೋಮನ ತಲೆಯ ಮೇಲೆ ಎರಡು ಭಾರಗಳಿವೆ. ಒಡೆಯ ಸಂಕಪ್ಪಯ್ಯನದು ಋಣ: ತಲೆತಲಾಂತರದ್ದು, ಲೆಕ್ಕಕ್ಕೆ ಸಿಗದ್ದು. ತೋಟದ್ದು ಸಾಲ: ಬರೆದಿಟ್ಟದ್ದು, ಬರೆದವನು ಹೇಳಿದಷ್ಟು. ಋಣಕ್ಕೆ ಅಂಗಳದಲ್ಲಿ ನಿಂತು ಕೈಮುಗಿದರಾಯಿತು. ಸಾಲ ಹಾಗಲ್ಲ, ಅದನ್ನು ಕೇಳಲು ಮನ್ವೇಲ ಗುಡಿಸಲಿಗೇ ಬರುತ್ತಾನೆ. ಅದನ್ನು ತೀರಿಸಲು ಹೋದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಅತ್ತಲೇ ಉಳಿಯುತ್ತಾನೆ. ಸಾಲ ಮಾತ್ರ ಹಾಗೇ ಇರುತ್ತದೆ. (ಅಪ್ಪನ ಹೆಂಡದ ಪಾಲು ಇದರಲ್ಲಿಲ್ಲವೆ? ಇದೆ. ಕಾರಂತರು ಅದನ್ನು ಮುಚ್ಚಿಟ್ಟಿಲ್ಲ.)

ಆಮೇಲೆ ಬೆಳ್ಳಿಯ ಸರದಿ. ತೋಟದಲ್ಲಿ ಅವಳ ಮೈಯೇ ಕಂತಾಗುತ್ತದೆ, ಸಾಲ ವಜಾ ಆಗುತ್ತದೆ. ಅವಳು ಮನೆಗೆ ಬಂದು ತೀರಿತು ಎನ್ನುತ್ತಾಳೆ. ತೀರಿದ್ದು ಹೇಗೆಂಬ ಮಾತು ಅಪ್ಪ-ಮಗಳ ನಡುವೆ ಬರುವುದಿಲ್ಲ. ಸಾಲದ ಮನೆಗಳನ್ನು ಕಂಡವರಿಗೆ ಈ ಮೌನ ಗೊತ್ತು. ಬೈಕಿನ ಸದ್ದಿಗೆ ಟಿವಿ ಆರಿಸುವ, ಹೆಂಡತಿಯನ್ನೇ ಬಾಗಿಲಿಗೆ ಕಳಿಸಿ ‘ಅವರಿಲ್ಲ’ ಅನ್ನಿಸುವ ಮನೆಗಳು. ಅಲ್ಲಿ ದುಡ್ಡಿಗಿಂತ ಮೊದಲು ಖಾಲಿಯಾಗುವುದು ಮಾತು. ಚೋಮನಿಗೆ ಆ ಮಾತಿನ ಜಾಗದಲ್ಲಿ ದುಡಿಯಿದೆ. ಒಡೆಯನೆದುರು ಆಡಲಾಗದ್ದನ್ನು ಗುಡಿಸಲಿಗೆ ಬಂದು ಬಾರಿಸುತ್ತಾನೆ.

ಮಗಳನ್ನು ಮನ್ವೇಲನೊಂದಿಗೆ ಕಂಡಾಗ ಅವನ ಏಟು ಬೀಳುವುದು ಮಗಳ ಮೇಲೆ. ಸಾಲ ಕೇಳಿ ಬಂದವನಿಗಲ್ಲ, ತೀರಿಸಿದವಳಿಗೆ. ಅವಳನ್ನು ಹೊರಗಟ್ಟುತ್ತಾನೆ. ಕಾದಂಬರಿಯ ಅತ್ಯಂತ ನಿಜವಾದ ಗಳಿಗೆ ಇದೇ ಎಂದು ನನಗನ್ನಿಸುತ್ತದೆ. ಸಾಲ ಮಾಡಿದವನ ಅವಮಾನ ಮೇಲಕ್ಕೆ ಹತ್ತಲಾರದು, ಮನೆಯೊಳಗೆ ಯಾರು ಕೈಗೆ ಸಿಗುತ್ತಾರೋ ಅವರ ಮೇಲೆ ಇಳಿಯುತ್ತದೆ. ಇದನ್ನು ಅಷ್ಟು ಹಿಂದೆಯೇ, ಚೋಮನ ಮೇಲಿನ ಮಮತೆಯನ್ನೂ ಬಿಡದೆ, ಕಾರಂತರು ಬರೆದರು.

ನನ್ನ ತಕರಾರು ಅದರ ಮುಂದಿನದು. ಎತ್ತುಗಳನ್ನು ಬಿಟ್ಟು, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ಚೋಮ ಸಾಯುವತನಕ ದುಡಿ ಬಾರಿಸುತ್ತಾನೆ. ಆ ಸದ್ದಿಗೆ ನಾವು ವಿಮರ್ಶಕರೂ ಮರುಳಾಗಿದ್ದೇವೆ. 1975ರ ಬಿ.ವಿ. ಕಾರಂತರ ಸಿನಿಮಾ ನೋಡಿದವರೂ ವಾಸುದೇವರಾಯರ ಚೋಮನನ್ನೇ ನೆನೆಯುತ್ತಾರೆ, ಪದ್ಮಾ ಕುಮಟಾ ಅವರ ಬೆಳ್ಳಿಯನ್ನು ನೆನೆಯುವವರು ಕಡಿಮೆ. ಕೊನೆಯ ಪುಟಗಳೆಲ್ಲ ಚೋಮನಿಗೇ ಸಂದಿವೆ. ನನಗೋ, ಏಟು ತಿಂದು ಹೊರಬಿದ್ದ ಬೆಳ್ಳಿ ಆ ರಾತ್ರಿ ಯಾರ ಮನೆಯ ಬಾಗಿಲಿಗೆ ಹೋದಳು ಎಂದು ಓದಬೇಕಿತ್ತು.