ಮೂಕಾಸುರನೂ ಆತಕೂರಿನ ಹಂದಿಯೂ

ದೈತ್ಯಾಕಾರದ ಹಂದಿಯ ಕಥೆ ಕನ್ನಡಿಗರಿಗೆ ಹೊಸದಲ್ಲ. ಭೂಮಿಯನ್ನೆತ್ತಿದ ವರಾಹನು ಬಾದಾಮಿಯ ಮೂರನೆಯ ಗುಹೆಯಲ್ಲಿ ನಿಂತಿದ್ದಾನೆ. ಚಾಲುಕ್ಯರ ಲಾಂಛನವೂ ವರಾಹವೇ. ಕಿರಾತಾರ್ಜುನ ಪ್ರಸಂಗದಲ್ಲಿ ಮೂಕನೆಂಬ ದಾನವನು ಅರ್ಜುನನನ್ನು ಕೊಲ್ಲಲು ಹಂದಿಯಾಗಿ ಬರುತ್ತಾನೆ. ಆದರೆ ಅಲ್ಲಿ ಹಂದಿಯು ನಿಮಿತ್ತಮಾತ್ರ. ಬಾಣಗಳೆರಡು ನಾಟಿದೊಡನೆ ಅದು ದಾನವನಾಗಿ ಮಡಿಯುತ್ತದೆ. ಕಥೆಯು ಶಿವಾರ್ಜುನರ ಕಲಹದತ್ತ ತಿರುಗುತ್ತದೆ.

ಇದರೊಡನೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನಿಟ್ಟು ನೋಡಬೇಕು. ಪಂಪನು ಭಾರತವನ್ನು ರಚಿಸಿದ 941ರಿಂದ ಹತ್ತು ವರ್ಷಗಳೊಳಗೆ, ಶಕ 872ರಲ್ಲಿ (ಕ್ರಿ.ಶ. 949-50) ಹುಟ್ಟಿದ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ, ಬೇಕಾದುದನ್ನು ಬೇಡೆಂದು ಒಡೆಯನಾದ ಗಂಗ ಬೂತುಗನು ಹೇಳಿದನು. ಆತನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಒಡನೆ ಸತ್ತವು. ಕಾಳಿಗೆ ಕಲ್ಲು ನಿಂತಿತು, ಪೂಜೆಯೂ ಏರ್ಪಟ್ಟಿತು.

ಶಾಸನಕಾರನು ಹಂದಿಗೆ ಕೊಟ್ಟ ವಿಶೇಷಣ ಒಂದೇ: ಹಿರಿದು. ಕೋರೆಯ ವರ್ಣನೆಯಿಲ್ಲ, ಶಾಪದ ಕಥೆಯಿಲ್ಲ. ಆದರೂ ಅದರ ಬಲ ನಮಗೆ ತಿಳಿಯುತ್ತದೆ. ಬೇಡಿ ಪಡೆದ ನಾಯಿಯ ಪ್ರಾಣವೇ ಅದಕ್ಕೆ ಅಳತೆಗೋಲು.

ಪುರಾಣ ಸುಳ್ಳು, ಶಾಸನ ದಿಟವೆಂದು ಪಾಠ ಹೇಳಿ ಮುಗಿಸುವುದು ಅರಸಿಕತೆಯೇ ಸರಿ. ಮೂಕನ ಹಂದಿ ಅರ್ಜುನನ ಗರ್ವವನ್ನು ಒರೆಗೆ ಹಚ್ಚಲು ಬಂದದ್ದು. ಆ ಕೆಲಸಕ್ಕೆ ಅದು ಸಾಕು. ಆದರೆ ಕಥೆ ಕಟ್ಟಲು ಕಲಿಯುವವರಿಗೆ ಆತಕೂರಿನ ಕಲ್ಲೇ ಹೆಚ್ಚಿನ ಗುರುವೆಂದು ನಮ್ಮ ಅಭಿಪ್ರಾಯ. ಈ ಬಂದರಿನ ನಮ್ಮ ಮಕ್ಕಳು ಅಜ್ಜನ ಊರಿನ ಹಂದಿಯ ಕಥೆಯನ್ನು ಬರೆದು ತಂದಾಗ, ಅದೆಷ್ಟು ದೊಡ್ಡದಿತ್ತೆಂದು ಕೇಳುವುದು ಬೇಡ. ಅದರಿಂದ ಯಾರು ಏನನ್ನು ಕಳೆದುಕೊಂಡರೆಂದು ಕೇಳೋಣ.