ಸೀಮೆಯ ಹಾಡು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನು ಕಣ್ಣಿಗೆ ಕಟ್ಟಿಸುವ ಹಾಡುಗಳನ್ನು ಆರಿಸಿರೆಂದರೆ, ಆರಿಸುವವರ ಕೈ ಮೊದಲು ಹೋಗುವುದು ಕಂಸಾಳೆಯ ಕಡೆಗೆ. 1996ರಲ್ಲಿ ‘ಜನುಮದ ಜೋಡಿ’ ಚಿತ್ರ ಬಂದ ಮೇಲಂತೂ ಮಾದಪ್ಪನ ಹಾಡೆಂದರೆ ಕುಣಿತದ ಬಿರುಸು ಎಂಬುದೇ ನಗರವಾಸಿಗಳ ನಂಬಿಕೆ. ಆ ಬಿರುಸು ಸುಳ್ಳೇನೂ ಅಲ್ಲ. ಆದರೆ ದೇವರಗುಡ್ಡರು ಇರುಳೆಲ್ಲ ಹಾಡುವ ಮಹದೇಶ್ವರ ಕಾವ್ಯದಲ್ಲಿ ಅದು ಒಂದು ಪಾಲು ಮಾತ್ರ.

ಸಂಕಮ್ಮನ ಸಾಲನ್ನೇ ನೋಡಿ. ಜೇನಿಗೆಂದು ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯನ್ನು ನಂಬದೆ ಭಾಷೆ ಕೇಳುತ್ತಾನೆ, ಅವಳು ಕೊಡಲೊಲ್ಲಳು. ಆಮೇಲಿನದು ಅವನ ಹಿಂಸೆ, ಅವಳ ಹಟ. ಕಾಡಂಚಿನ ಬದುಕಿನ ದಿಗಿಲೆಲ್ಲ ಇಲ್ಲಿದೆ. ಮೂರು ನಿಮಿಷದ ಧ್ವನಿಮುದ್ರಿಕೆಗೆ ಇದು ಒಗ್ಗುವುದೆಂತು? ಹಿಮ್ಮೇಳದವರ ಸೊಲ್ಲು ಮರಳಿ ಮರಳಿ ಬಂದಾಗಲೇ ಆ ನೋವು ಕೇಳುವವರೊಳಗೆ ಇಳಿಯುವುದು. ಸೊಲ್ಲನ್ನು ಕತ್ತರಿಸಿದರೆ ಉಳಿಯುವುದು ಬರಿಯ ಕಥಾಸಾರ.

ನೀಲಗಾರರ ತಂಬೂರಿಯನ್ನೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೋರುಕನ ಪದಗಳನ್ನೂ ಬಿಟ್ಟ ಆಯ್ಕೆ ಅರೆಯಾದುದೇ ಸರಿ. ಗುಂಡ್ಲುಪೇಟೆಯ ಹೆಸರೆತ್ತಿದೊಡನೆ ಗೋಪಾಲಸ್ವಾಮಿ ಬೆಟ್ಟದ ಮಂಜಿಗೆ ಕೊಳಲು ಜೋಡಿಸುವ ಚಾಳಿ ಬೇರೆ! ಬೆಟ್ಟದ ಕೆಳಗೆ ಮಳೆಗಾಗಿ ಮುಗಿಲು ನೋಡುವ ಹೊಲಗಳಿವೆ. ನಾಲ್ಕು ಹಾಡು ಕಡಿಮೆಯಾದರೂ ಚಿಂತೆಯಿಲ್ಲ, ಸಂಕಮ್ಮನಿಗೆ ಅರ್ಧ ಗಂಟೆ ಬಿಟ್ಟುಕೊಡಲಿ.