ಹೆಂಚಿನ ಮೇಲಿನ ಇಸವಿ

ಕುಮಟೆಯ ನಮ್ಮ ಹಳೆಯ ಮನೆಯ ಹೆಂಚುಗಳಲ್ಲಿ ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿದ್ದವು. ಮನೆ ಕಟ್ಟಿದ್ದೇ ಆ ವರ್ಷವೆಂದು ಚಿಕ್ಕಂದಿನಲ್ಲಿ ನಂಬಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದ ವರ್ಷವೆಂದು ತಿಳಿದದ್ದು ಶಿಕ್ಷಕಿಯಾದ ಮೇಲೆ.

ಒಮ್ಮೆ ಮಕ್ಕಳೊಂದಿಗೆ ಪ್ರವಾಸಕ್ಕೆಂದು ಆ ಹೆಂಚಿನ ಊರಿಗೇ ಹೋದೆವು. ಅಲ್ಲಿನ ಎರಡು ಚರ್ಚುಗಳನ್ನು ತೋರಿಸಿ, ಸಂತ ಪೌಲರದು 1843, ಬಲ್ಮಠದ ಶಾಂತಿ ದೇವಾಲಯ 1862 ಎಂದು ಬರೆಸಿದೆ. ಹುಡುಗಿಯೊಬ್ಬಳು ಕೇಳಿದಳು: "ಅಕ್ಕೋರೇ, ಹತ್ತೊಂಬತ್ತೇ ವರ್ಷಕ್ಕೆ ಇನ್ನೊಂದು ಯಾಕೆ ಬೇಕಾಯ್ತು?" ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಹೇಳಬಲ್ಲೆ. ಮೊದಲನೆಯದು ಆಂಗ್ಲಿಕನ್ ಚರ್ಚು. ಕಂಪನಿ ಸರ್ಕಾರದ ಸೈನಿಕರಿಗೂ ಅಧಿಕಾರಿಗಳಿಗೂ ಕಟ್ಟಿದ್ದು. ಎರಡನೆಯದು 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನದು, ಇಲ್ಲಿಯದೇ ಜನರಿಗಾಗಿ. ದೇವರು ಒಬ್ಬನೇ ಆದರೂ ಆಳುವವರ ಬೆಂಚು ಬೇರೆ, ಆಳಿಸಿಕೊಂಡವರ ಬೆಂಚು ಬೇರೆ. ಇಂದು ಎರಡೂ 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಸೇರಿವೆ. ಆದ್ದರಿಂದಲೇ ಈ ಅಂತರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಚರ್ಚುಗಳ ಚರಿತ್ರೆ ಕಮಾನು, ಕಿಟಕಿ, ಪಾದ್ರಿಗಳ ಹೆಸರುಗಳಲ್ಲೇ ಮುಗಿಯುತ್ತದೆ. ಒಳಗೆ ಕೂತವರು ಯಾರು ಎಂದು ಕೇಳುವುದಿಲ್ಲ.

ಮತಾಂತರವಾದವರಿಗೆ ಮನೆಯೂ ತಪ್ಪಿತು, ಕಸುಬೂ ತಪ್ಪಿತು. ಅವರಿಗೆ ಅನ್ನದ ದಾರಿಯಾಗಲೆಂದೇ ನೇಯ್ಗೆ ಬಂತು, ಆಮೇಲೆ ಪ್ಲೆಬ್ಸ್ಟ್ ಅವರ ಹೆಂಚಿನ ಕಾರ್ಖಾನೆ ಬಂತು. ಉಪಕಾರ ಹೌದು. ಆದರೆ ಕೂಲಿ ಕೊಡುವವರೂ ಉಪದೇಶ ಹೇಳುವವರೂ ಒಂದೇ ಮಿಶನ್ನಿನವರಾದರೆ, ಕೂಲಿಯವನು ಎದುರಾಡುವುದು ಹೇಗೆ? ಈ ಪ್ರಶ್ನೆಯನ್ನು ಬಿಟ್ಟು ಮಿಶನ್ನನ್ನು ಹೊಗಳುವುದೂ ಅರ್ಧ ಚರಿತ್ರೆ, ಹೆಂಚನ್ನು ಮರೆತು ತೆಗಳುವುದೂ ಅರ್ಧ ಚರಿತ್ರೆ.

ನನ್ನ ದೃಷ್ಟಿಯಲ್ಲಿ ಮಿಶನ್ನಿನ ನಿಜವಾದ ವಾಸ್ತು ಯಾವ ಚರ್ಚಿನಲ್ಲೂ ಇಲ್ಲ, ಕರಾವಳಿಯ ಮಾಡುಗಳಲ್ಲಿದೆ. ಇಳಿಜಾರು ಮಾಡು ಅವರು ಕಲಿಸಿದ್ದಲ್ಲ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲಿ ಅವರಿಗಿಂತ ಶತಮಾನಗಳ ಹಿಂದೆಯೇ ನಮ್ಮ ಶಿಲ್ಪಿಗಳು ಕಲ್ಲಿನ ಚಪ್ಪಡಿಗಳನ್ನೇ ಮಳೆಗೆ ಇಳಿಜಾರಾಗಿ ಹೊದಿಸಿದ್ದರು. ಮಿಶನ್ನು ಕೊಟ್ಟದ್ದು ಒಂದಕ್ಕೊಂದು ಕಚ್ಚಿ ಕೂರುವ, ಸೋಗೆಯಂತೆ ವರ್ಷವರ್ಷ ಬದಲಿಸಬೇಕಿಲ್ಲದ ಹಗುರ ಹೆಂಚು. ದೇವಸ್ಥಾನ, ಮಸೀದಿ, ಶಾಲೆಯೆಂಬ ಭೇದವಿಲ್ಲದೆ ಅದು ಎಲ್ಲದರ ಮೇಲೂ ಕೂತಿತು.

ನಮ್ಮ ಮನೆಗೂ ಈಗ ಕಾಂಕ್ರೀಟು ಬಂದಿದೆ. ಒಂದು ಹೆಂಚನ್ನು ಮಾತ್ರ ಇಟ್ಟುಕೊಂಡಿದ್ದೇನೆ. ತರಗತಿಗೆ ಒಯ್ದು ಮಕ್ಕಳ ಕೈಗೆ ಕೊಟ್ಟಾಗ, ಇಸವಿ ಬರೆದುಕೊಳ್ಳಿ ಎನ್ನುವುದಿಲ್ಲ. ಇದು ಯಾವುದರ ಇಸವಿ, ಕೇಳಿ ಎನ್ನುತ್ತೇನೆ.